ತಿಳಿದ ಉತ್ತರದ ಪ್ರಶ್ನೆಗಳು

ಉತ್ತರ ಮೊದಲ ಸಲ ಬಂದದ್ದು ಒಂದು ಸಂಜೆ. ಹೆಂಡತಿಯ ಹೊಟ್ಟೆಗೆ ಹಾಕಿದ್ದ ಕೊಳವೆಯಲ್ಲಿ ಊಟ ಇಳಿಸಿ ಮುಗಿಸಿ, ಅವನು ಅಡುಗೆಮನೆಯ ಸಿಂಕಿನಲ್ಲಿ ದಪ್ಪ ಸಿರಿಂಜನ್ನು ತೊಳೆಯುತ್ತಿದ್ದ. ಪ್ರಶ್ನೆ ಕೇಳಿದವನೂ ಅವನೇ. ಆದರೆ ಕೇಳುವಾಗ ಮುಖ ಗೋಡೆಯ ಕಡೆಗಿತ್ತು.

"ಡಾಕ್ಟರ್ ಹೇಳಿದ್ರಲ್ಲ, ಕುತ್ತಿಗೆಗೆ ಕೊಳವೆ ಹಾಕೋದು. ಅದು ಬೇಕಾ, ಬೇಡ್ವಾ?"

ನಲ್ಲಿಯ ನೀರಿನ ಸದ್ದಿನ ನಡುವೆ, ನಡುಮನೆಯಿಂದ, ಯಂತ್ರದ ಹೆಣ್ಣುದನಿ ಹೇಳಿತು: "ಬೇಕು."

ಅವನು ನಲ್ಲಿ ನಿಲ್ಲಿಸಿದ. ತಾನು ಇನ್ನೊಂದು ಪದವನ್ನು ನಿರೀಕ್ಷಿಸುತ್ತಿದ್ದೆ ಎಂಬುದು ಈ ಪದ ಕಿವಿಗೆ ಬಿದ್ದಾಗಲೇ ಅವನಿಗೆ ಗೊತ್ತಾದದ್ದು. ಒಳಗೆ ಏನೋ ಕುಸಿದಂತಾಯಿತು. ಅದು ಏನೆಂದು ಹುಡುಕುವಷ್ಟು ತ್ರಾಣ ಆ ಹೊತ್ತಿಗೆ ಉಳಿದಿರಲಿಲ್ಲ. ಕೈ ಒರೆಸಿಕೊಂಡು ನಡುಮನೆಗೆ ಬಂದು ಅವಳ ಮುಖ ನೋಡುವ ಬದಲು ಯಂತ್ರದ ಪರದೆಯನ್ನು ನೋಡಿದ.

ಹೆಂಡತಿಗೆ ಬಂದಿದ್ದದ್ದು ನರಗಳು ಒಂದೊಂದಾಗಿ ಸ್ನಾಯುಗಳ ಕೈಬಿಡುವ ಕಾಯಿಲೆ. ಮೊದಲು ಬೆರಳು ಹೋಯಿತು, ಆಮೇಲೆ ಕಾಲು, ಆಮೇಲೆ ನಾಲಿಗೆ. ಈಗ ಅವಳ ಮಾತು ಕೇಳುವುದು ಕಣ್ಣುಗುಡ್ಡೆ ಮತ್ತು ರೆಪ್ಪೆ ಮಾತ್ರ. ಅವಳ ಎದುರಿಗೆ ಲೋಹದ ತೋಳಿನ ಮೇಲೆ ಒಂದು ಪರದೆಯಿದೆ. ಅದರ ಕೆಳಗಿನ ಪಟ್ಟಿ ಕಣ್ಣಿಗೆ ಕಾಣದ ಬೆಳಕು ಬೀರಿ, ಅವಳು ಎಲ್ಲಿ ನೋಡುತ್ತಿದ್ದಾಳೆಂದು ಹಿಡಿಯುತ್ತದೆ. ಪರದೆಯ ತುಂಬ ಚೌಕಗಳು. ಒಂದು ಚೌಕದ ಮೇಲೆ ನೋಟವನ್ನು ಸ್ವಲ್ಪ ಹೊತ್ತು ಇಟ್ಟರೆ ಯಂತ್ರ ಆ ಪದವನ್ನು ನುಡಿಯುತ್ತದೆ. ಬೇಕಾದರೆ ಅಕ್ಷರದ ಪುಟಕ್ಕೆ ಹೋಗಿ ಒಂದೊಂದೇ ಅಕ್ಷರ ಕೂಡಿಸಬಹುದು, ಆದರೆ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತದೆ. ಯಂತ್ರದ ದನಿ ತೀರ ಸ್ಪಷ್ಟ, ತೀರ ಸಭ್ಯ, ರೈಲು ನಿಲ್ದಾಣದ ಪ್ರಕಟಣೆಯ ಹಾಗೆ. ಅವಳೇ ಅದಕ್ಕೆ 'ಸ್ಟೇಷನ್ ಅಕ್ಕ' ಎಂದು ಹೆಸರಿಟ್ಟಿದ್ದಳು. ಬಸ್ ಡಿಪೋದಲ್ಲಿ ಬಸ್ಸುಗಳ ವೇಳಾಪಟ್ಟಿ ಮಾಡುತ್ತಿದ್ದವಳು ಅವಳು. ರೈಲಿನವರ ದನಿ ತನ್ನ ಬಾಯಿಗೆ ಬಂದದ್ದು ಅವಳಿಗೆ ಅವಮಾನವಂತೆ.

ಹೋದ ತಿಂಗಳಿಂದ ರಾತ್ರಿ ಮಾತ್ರವಲ್ಲ, ಹಗಲೂ ಉಸಿರಿನ ಮಾಸ್ಕು ಬೇಕಾಗುತ್ತಿತ್ತು. ಡಾಕ್ಟರ್ ಬಿಡಿಸಿ ಹೇಳಿದ್ದರು. ಮಾಸ್ಕು ಇನ್ನು ಹೆಚ್ಚು ದಿನ ಸಾಲುವುದಿಲ್ಲ. ಕುತ್ತಿಗೆಯಲ್ಲಿ ರಂಧ್ರ ಮಾಡಿ ಕೊಳವೆ ಹಾಕಿ ಉಸಿರಿನ ಯಂತ್ರಕ್ಕೆ ಜೋಡಿಸಿದರೆ ವರ್ಷಗಟ್ಟಲೆ ಬದುಕಬಹುದು. ಹಾಕದಿದ್ದರೆ ಮುಂದಿನ ನೆಗಡಿಯೇ ಕೊನೆಯದಾಗಬಹುದು. ಹಾಕಿದರೆ ಹಗಲೂ ರಾತ್ರಿ ಯಾರಾದರೂ ಪಕ್ಕದಲ್ಲಿರಲೇಬೇಕು, ಕಫ ಕಟ್ಟಿದಾಗಲೆಲ್ಲ ಸಣ್ಣ ನಳಿಕೆ ಇಳಿಸಿ ಎಳೆದು ತೆಗೆಯಬೇಕು. ಎರಡೂ ಸರಿ, ಯಾವುದೂ ತಪ್ಪಲ್ಲ ಎಂದಿದ್ದರು. "ಆದ್ರೆ ಹೇಳ್ಬೇಕಾದವರು ಅವರು. ಮುಂದಿನ ಸಲ ಬಂದಾಗ ಅವರ ಉತ್ತರ ನನಗೆ ಬೇಕು."

ಆ ಉತ್ತರ ಈಗ ಬಂದಿತ್ತು. ಅವನು ಪರದೆಯನ್ನು ಪರೀಕ್ಷಿಸಿದ. 'ಬೇಡ' ಮೇಲಿನ ಸಾಲಿನಲ್ಲಿತ್ತು, 'ಬೇಕು' ಕೆಳಗಿನ ಸಾಲಿನಲ್ಲಿ. ಹೆಚ್ಚು ಬಳಸುವ ಪದಗಳಿಗೆ ಕಣ್ಣೆತ್ತುವ ಶ್ರಮ ಬೇಡವೆಂದು ಯಂತ್ರ ಜೋಡಿಸಿದಾಕೆ ಹಾಗೆ ಇಟ್ಟಿದ್ದಳು. ಅವನು ಹೆಂಡತಿಯ ರೆಪ್ಪೆಗಳನ್ನು ನೋಡಿದ. ಅವು ಅರ್ಧ ಇಳಿದಿದ್ದವು. ರೆಪ್ಪೆ ಇಳಿದಾಗ ಯಂತ್ರ ನೋಟವನ್ನು ನಿಜವಾದ ಜಾಗಕ್ಕಿಂತ ಕೆಳಗೆ ಲೆಕ್ಕ ಹಾಕುತ್ತದೆ. ಅದು ಅವನಿಗೆ ಗೊತ್ತಿತ್ತು.

"ಸುಸ್ತಾಗಿದೀಯ. ನಾಳೆ ಕೇಳ್ತೀನಿ," ಎಂದ.

"ರೀ," ಎಂದಿತು ಸ್ಟೇಷನ್ ಅಕ್ಕನ ದನಿ. ಆದರೆ ಅವನು ಆಗಲೇ ಪರದೆಯ ತೋಳನ್ನು ಪಕ್ಕಕ್ಕೆ ಸರಿಸಿಬಿಟ್ಟಿದ್ದ.

*

ಅವನು ಊರಿನ ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿ ಬೆಳಿಗ್ಗೆ ಮೊದಲ ಕೆಲಸ ನೀರನ್ನು ಪರೀಕ್ಷಿಸುವುದಲ್ಲ, ಉಪಕರಣವನ್ನು ಪರೀಕ್ಷಿಸುವುದು. ಇಷ್ಟೇ ಕ್ಲೋರಿನ್ ಇದೆ ಎಂದು ಮೊದಲೇ ಗೊತ್ತಿರುವ ದ್ರಾವಣವೊಂದನ್ನು ಉಪಕರಣಕ್ಕೆ ಕೊಡುತ್ತಾರೆ. ಅದು ಸರಿಯಾದ ಅಂಕಿ ತೋರಿಸಿದರೆ ಮಾತ್ರ ಆ ದಿನ ಅದರ ಮಾತಿಗೆ ಬೆಲೆ. ಹೊಸಬರು ಸೇರಿದಾಗ ಅವನು ಇದನ್ನೇ ಹೇಳಿಕೊಡುತ್ತಿದ್ದ: ಗೊತ್ತಿಲ್ಲದ್ದನ್ನು ಕೇಳುವ ಮುಂಚೆ ಗೊತ್ತಿರುವುದನ್ನು ಕೇಳಿ ನೋಡಿ.

ಇತ್ತೀಚೆಗೆ ಅವನ ಕೈಯೇ ನಂಬಿಕೆಗೆ ಬರುತ್ತಿರಲಿಲ್ಲ. ಫ್ಲಾಸ್ಕಿಗೆ ಹನಿಹನಿಯಾಗಿ ದ್ರಾವಣ ಬಿಡುತ್ತ, ನೀರು ತೆಳುಗುಲಾಬಿಗೆ ತಿರುಗುವ ಕ್ಷಣಕ್ಕೆ ಕಾಯಬೇಕು. ನಿಂತಲ್ಲೇ ಕಣ್ಣು ಕೂಡಿಹೋಗಿ, ತೆರೆದಾಗ ಫ್ಲಾಸ್ಕಿನಲ್ಲಿ ಕಡುಗುಲಾಬಿ ಇರುತ್ತಿತ್ತು. ಚೆಲ್ಲಿ ಮತ್ತೆ ಮಾಡುತ್ತಿದ್ದ. ರಾತ್ರಿ ಅವಳನ್ನು ಮಗ್ಗುಲು ಬದಲಿಸಲು ಏಳಬೇಕು, ಮಾಸ್ಕಿನ ನಳಿಕೆಯಲ್ಲಿ ಕೂಡಿದ ನೀರು ಚೆಲ್ಲಲು ಏಳಬೇಕು, ನಿದ್ದೆಯಲ್ಲಿ ಪೂರ್ತಿ ಮುಚ್ಚದ ರೆಪ್ಪೆಯಡಿ ಕಣ್ಣು ಒಣಗದಂತೆ ಹನಿ ಬಿಡಲು ಏಳಬೇಕು. ಎದ್ದಾಗ ಯಾವುದಕ್ಕೆ ಎದ್ದದ್ದೆಂದು ನೆನಪಾಗದೆ ಹಾಸಿಗೆಯ ಪಕ್ಕ ಸುಮ್ಮನೆ ನಿಂತಿರುತ್ತಿದ್ದದ್ದೂ ಉಂಟು.

ಮರುದಿನ ಬೆಳಿಗ್ಗೆ, ಪರದೆಯ ಮೇಲೆ ಓಡುವ ಚುಕ್ಕೆಯನ್ನು ಅವಳ ಕಣ್ಣು ಹಿಂಬಾಲಿಸಿ ಯಂತ್ರ ಸರಿಹೊಂದಿಕೊಂಡ ಮೇಲೆ, ಅವನು ಮತ್ತೆ ಕೇಳಿದ.

"ಬೇಕು," ಎಂದಿತು ಯಂತ್ರ.

ಅವನು ಎರಡು ಚೌಕಗಳ ಜಾಗ ಅದಲುಬದಲು ಮಾಡಿದ. 'ಬೇಕು' ಮೇಲೆ, 'ಬೇಡ' ಕೆಳಗೆ.

"ಬೇಕು."

"ಹಳೇ ಜಾಗದ ಅಭ್ಯಾಸ ಇರುತ್ತಲ್ಲ," ಎಂದು ತನಗೇ ಹೇಳಿಕೊಂಡಂತೆ ಹೇಳಿದ. ಎರಡನ್ನೂ ಎಡ ಬಲಕ್ಕೆ ತಂದ. ಮತ್ತೆ ಕೇಳಿದ. ಈ ಸಲ ಉತ್ತರ ಬರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಮೊದಲಾದರೆ ಜಗಳದ ನಡುವೆ ಎದ್ದು ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದಳು. ಈಗ ಅವಳಿಗಿದ್ದ ಬಾಲ್ಕನಿ ಇದೊಂದೇ.

ಆವತ್ತು ನಾದಿನಿ ಬರುವ ದಿನ. ಹೆಂಡತಿಯ ತಂಗಿ ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಅವನು ಕೆಲಸಕ್ಕೆ ಹೋದಾಗ ಬಂದು ಕೂರುತ್ತಿದ್ದಳು, ಹೊಲಿಗೆಯನ್ನೂ ಜೊತೆಗೆ ತರುತ್ತಿದ್ದಳು. ಯಾರಿಗೆ ಏನಾದರೂ ಅವಳ ಹತ್ತಿರ ಒಂದು ಔಷಧಿ ಇರುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಅವನ ಮುಖ ನೋಡಿ ಶುರುಮಾಡಿದಳು.

"ಏನು ಭಾವ, ಕಣ್ಣು ಒಳಗೆ ಹೋಗಿದೆ. ಬಿಸಿನೀರಲ್ಲಿ ಕಾಲು ಇಟ್ಕೊಂಡು ಕೂತ್ಕೊಳ್ಳಿ ಅಂದ್ರೆ ಕೇಳಲ್ಲ."

"ಬಿಸಿನೀರಿಗೂ ಟೈಮ್ ಬೇಕಲ್ಲಮ್ಮ."

"ಕಾಲಿಡೋಕೆ ಟೈಮ್ ಇಲ್ಲ, ಯಂತ್ರ ಬಿಚ್ಚೋಕೆ ಟೈಮ್ ಇದೆ." ಅವಳು ಪರದೆ ನೋಡಿದಳು. "ಯಾಕೆ ಎಲ್ಲ ಅಡ್ಡಾದಿಡ್ಡಿ ಆಗಿದೆ ಇಲ್ಲಿ? ಅಕ್ಕ, ನಿನ್ನ ಬಾಯಿ ಸೊಟ್ಟ ಮಾಡ್ಬಿಟ್ಟಿದಾರೆ ನೋಡು."

ಹೆಂಡತಿ ಕಣ್ಣು ತೆರೆದಳು. ಸ್ವಲ್ಪ ಹೊತ್ತಿಗೆ ಯಂತ್ರ ನುಡಿಯಿತು: "ಇನ್‌ಸ್ಪೆಕ್ಷನ್."

ನಾದಿನಿ ನಕ್ಕಳು. ಅವನಿಗೂ ನಗು ಬರಬೇಕಿತ್ತು.

*

ಭಾನುವಾರ ಅವನು ಕ್ರಮವಾಗಿ ಮಾಡಿದ. ಉತ್ತರ ಮೊದಲೇ ತಿಳಿದಿರುವ ಹತ್ತು ಪ್ರಶ್ನೆಗಳನ್ನು ಮನಸ್ಸಿನಲ್ಲಿ ಹೊಂದಿಸಿಕೊಂಡ. ಅವುಗಳ ನಡುವೆ ಒಂದೇ ಒಂದು ತಿಳಿಯದ ಪ್ರಶ್ನೆ. ತಿಳಿದವಕ್ಕೆ ಸರಿಯಾದ ಉತ್ತರ ಬಂದರೆ ತಿಳಿಯದ್ದರ ಉತ್ತರವನ್ನೂ ನಂಬುವುದು. ಆಮೇಲೆ ಪ್ರಶ್ನೆಯೇ ಇಲ್ಲ. ತನಗೆ ತಾನೇ ಹಾಗೆ ಮಾತು ಕೊಟ್ಟುಕೊಂಡಿದ್ದ.

ಅವಳ ತಲೆಯನ್ನು ದಿಂಬುಗಳ ನಡುವೆ ನೇರ ಮಾಡಿದ. ಕಣ್ಣಿಗೆ ಹನಿ ಬಿಟ್ಟ. ಪರದೆಯ ಮೇಲೆ 'ಹೌದು', 'ಅಲ್ಲ', 'ಬೇಕು', 'ಬೇಡ' ನಾಲ್ಕೇ ಚೌಕಗಳನ್ನು ಉಳಿಸಿದ.

"ಈಗ ಬೆಳಿಗ್ಗೆನಾ?"

"ಹೌದು."

"ನೀನು ಡಿಪೋದಲ್ಲಿ ಕೆಲಸ ಮಾಡ್ತಿದ್ದೆಯಾ?"

"ಹೌದು." ಅವಳ ನೋಟ ಒಮ್ಮೆ ಅವನ ಕಡೆ ಬಂದು ಪರದೆಗೆ ಮರಳಿತು. ಏನು ನಡೆಯುತ್ತಿದೆಯೆಂದು ಅವಳಿಗೆ ಅರ್ಥವಾಗಿತ್ತು. ಇಷ್ಟು ವರ್ಷ ಅವನ ಜೊತೆ ಬಾಳಿದವಳು. ಮದುವೆಯಾದ ಹೊಸತರಲ್ಲಿ, ಅವನು ಮನೆಯ ತಕ್ಕಡಿ ಸರಿಯಿದೆಯೇ ಎಂದು ನೋಡಲು ಪ್ರಯೋಗಾಲಯದಿಂದ ತೂಕದ ಬಟ್ಟು ತಂದಾಗ, ಅವನು ತಿರುಗಿದ ಹೊತ್ತಿನಲ್ಲಿ ತಟ್ಟೆಯನ್ನು ಬೆರಳಿನಿಂದ ಒತ್ತಿ ಹಿಡಿದು ಅರ್ಧ ದಿನ ಅವನ ತಲೆ ಕೆಡಿಸಿದ್ದಳು. ಗಂಡನನ್ನು ಗೋಳು ಹೊಯ್ದುಕೊಳ್ಳುವುದು ಅವಳಿಗೆ ಊಟ ತಿಂಡಿಯಷ್ಟೇ ಸಹಜವಾಗಿತ್ತು.

"ನಿನ್ನ ತಂಗಿ ಡಾಕ್ಟರಾ?"

"ಹೌದು."

ಅವನ ಹುಬ್ಬು ಗಂಟಿಕ್ಕಿತು. ಮುಂದಿನದಕ್ಕೆ ಹೋದ. "ಕುತ್ತಿಗೆ ಕೊಳವೆ?"

"ಬೇಕು."

"ನಿನಗೆ ಕಾಫಿ ಇಷ್ಟನಾ?"

"ಅಲ್ಲ."

ಅವಳು ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುತ್ತಿದ್ದವಳು. "ನಾನು ನಿನ್ನ ಗಂಡನಾ?"

"ಅಲ್ಲ."

ಉಳಿದವಕ್ಕೆ ಸರಿಯಾದ ಉತ್ತರ ಬಂತು. ಹತ್ತರಲ್ಲಿ ಮೂರು ತಪ್ಪು. ಪ್ರಯೋಗಾಲಯದಲ್ಲಾಗಿದ್ದರೆ ಆ ಉಪಕರಣದ ಮೇಲೆ ಚೀಟಿ ಅಂಟಿಸಿ ಮೂಲೆಗಿಡುತ್ತಿದ್ದರು. ಅವನು ಎದ್ದು ಕಿಟಕಿಯ ಬಳಿ ಹೋದ. ತನಗೆ ಬೇಸರವಾಗಿರಬೇಕಿತ್ತು ಎಂದು ಅನಿಸಿತು. ಆದದ್ದು ಬೇಸರವಲ್ಲ. ಭುಜದ ಮೇಲಿನ ಮೂಟೆಯನ್ನು ಯಾರೋ ಸ್ವಲ್ಪ ಹೊತ್ತು ಎತ್ತಿ ಹಿಡಿದಂತಾಗಿತ್ತು.

*

ಯಂತ್ರ ಜೋಡಿಸಿದಾಕೆಗೆ ಫೋನು ಮಾಡಿ ಕರೆಸಿದ. ಆಕೆಯ ಒಂದು ಕಾಲು ಚಿಕ್ಕದು; ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಊರಿಡೀ ಇಂಥ ಮನೆಗಳನ್ನು ಸುತ್ತುವವಳು. ಕುರ್ಚಿ ಎಳೆದು ಹೆಂಡತಿಯ ಪಕ್ಕ, ಅವಳ ಕಣ್ಣಿನ ಮಟ್ಟಕ್ಕೆ ಕೂತು ಚುಕ್ಕೆ ಓಡಿಸಿದಳು. ಪರದೆಯ ನಾಲ್ಕು ಮೂಲೆಗಳಲ್ಲೂ ಗುರುತುಗಳನ್ನಿಟ್ಟು ನೋಡಿದಳು. ರೆಪ್ಪೆ ಇಳಿದಾಗ ಎಷ್ಟು ವ್ಯತ್ಯಾಸ ಬರುತ್ತದೆಂದು ನೋಡಲು ಬೆಳಕು ಕಡಿಮೆ ಮಾಡಿಯೂ ನೋಡಿದಳು.

"ಸಾರ್, ಚೆನ್ನಾಗಿದೆ. ಸಂಜೆ ಹೊತ್ತು ಚೂರು ಕೆಳಗೆ ಹೋಗುತ್ತೆ, ಆದ್ರೆ ಚೌಕ ಇಷ್ಟು ದೊಡ್ಡದಿದ್ರೆ ಅದರಿಂದ ತೊಂದರೆ ಇಲ್ಲ."

"ತಪ್ಪು ಉತ್ತರ ಬರ್ತಿದೆ."

"ಯಾವುದಕ್ಕೆ ಬಂತು?"

ಅವನು ಹೇಳಿದ. ಹೇಳುವಾಗಲೇ ಕಿವಿ ಬಿಸಿಯಾಯಿತು. ಆಕೆ ಕೇಳಿಸಿಕೊಂಡು ಹೆಂಡತಿಯ ಕಡೆ ತಿರುಗಿದಳು.

"ಏನ್ ಮೇಡಂ, ಇವರು ನಿಮ್ಮ ಗಂಡ ಅಲ್ವಂತೆ?"

ಹೆಂಡತಿ ಪರದೆಯನ್ನು ನೋಡಿದಳು. "ಅಲ್ಲ," ಎಂದಿತು ಯಂತ್ರ. ಸ್ವಲ್ಪ ತಡೆದು, ಅಕ್ಷರದ ಪುಟಕ್ಕೆ ಹೋಗಿ, ಕೂಡಿಸಿ: "ಪರೀಕ್ಷಕರು."

ಆಕೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಸಾರ್, ಅದು ತಪ್ಪಲ್ಲ. ನಿಮ್ಮನ್ನ ಆಡಿಸ್ತಿದಾರೆ."

"ಆಡೋ ವಿಷಯಾನಾ ಇದು?"

"ಅದು ನನಗೆ ಗೊತ್ತಿಲ್ಲ. ಯಂತ್ರ ಸರಿ ಇದೆ ಅಂತ ಮಾತ್ರ ನಾನು ಹೇಳಬಲ್ಲೆ."

"ಕಾಫಿ? ಕಾಫಿ ಅಂದ್ರೆ ಪ್ರಾಣ ಬಿಡೋಳು. ಅದಕ್ಕೂ ಇಷ್ಟ ಇಲ್ಲ ಅಂದಳು."

ಮೂಲೆಯಲ್ಲಿ ಬಟ್ಟೆಯ ಅಂಚು ಮಡಿಸುತ್ತ ಕೂತಿದ್ದ ನಾದಿನಿ ಸೂಜಿ ನಿಲ್ಲಿಸಿದಳು. "ಅದು ನಿಜ ಭಾವ. ಕುಡಿಯೋಕಾಗದ ಮೇಲೆ ಆ ವಾಸನೆ ಬಂದ್ರೆ ಅಕ್ಕನಿಗೆ ಆಗಲ್ಲ. ಅದಕ್ಕೆ ತಾನೇ ನಾನು ಇಲ್ಲಿ ಕಾಫಿ ಮಾಡ್ಕೊಳ್ಳೋದು ಬಿಟ್ಟಿದ್ದು. ನೀವು ದಿನಾ ಅವಳ ಪಕ್ಕದಲ್ಲೇ ಕೂತು ಕುಡೀತೀರಲ್ಲ, ಏನು ಹೇಳೋದು ಅಂತ ಸುಮ್ಮನಿದ್ದೆ."

ಯಂತ್ರದಾಕೆ ತಂತಿಗಳನ್ನು ಸುತ್ತಿ ಚೀಲಕ್ಕೆ ತುಂಬಿಕೊಂಡಳು. ಬಾಗಿಲ ತನಕ ಅವನು ಜೊತೆಗೆ ಹೋದ. ಮೆಟ್ಟಿಲಲ್ಲಿ ಆಕೆ ಒಂದು ಕ್ಷಣ ನಿಂತಳು, ಏನೋ ಹೇಳುವವಳಂತೆ. ಆಮೇಲೆ, "ಕಣ್ಣಿಗೆ ಹನಿ ಮಾತ್ರ ತಪ್ಪಿಸಬೇಡಿ ಸಾರ್," ಎಂದಷ್ಟೇ ಹೇಳಿ ಕಂಬಿ ಹಿಡಿದು ಇಳಿದುಹೋದಳು.

ಅವನಿಗೆ ಗೊತ್ತಾಗಬೇಕಾದದ್ದೆಲ್ಲ ಗೊತ್ತಾಗಿತ್ತು. ಒಂದು ಉತ್ತರ ತಮಾಷೆ, ಇನ್ನೊಂದು ತಂಗಿಯ ಮೇಲಿನ ತಮಾಷೆ, ಮತ್ತೊಂದು ಅವನಿಗೇ ತಿಳಿಯದಿದ್ದ ನಿಜ. ಉಪಕರಣ ಸರಿಯಿತ್ತು. ಆದರೂ ಆಮೇಲಿನ ದಿನಗಳಲ್ಲಿ, ಅವಳ ಬೆನ್ನು ಒರೆಸುವಾಗ, ನಳಿಕೆಯ ನೀರು ಚೆಲ್ಲುವಾಗ, 'ಹತ್ತರಲ್ಲಿ ಮೂರು' ಎನ್ನುವುದು ಅವನ ತಲೆಯಲ್ಲಿ ಹಾಗೇ ಉಳಿಯಿತು. ಲೆಕ್ಕ ತಪ್ಪೆಂದು ಗೊತ್ತಿದ್ದೂ ಅಳಿಸಲು ಮನಸ್ಸು ಬರಲಿಲ್ಲ. ಪ್ರಶ್ನೆಯನ್ನು ಅವನು ಮತ್ತೆ ಕೇಳಲಿಲ್ಲ. ಅವಳೂ ತಾನಾಗಿ ಎತ್ತಲಿಲ್ಲ. ಮನೆಯಲ್ಲಿ ನೀರು, ದಿಂಬು, ಚಳಿ, ಸೆಕೆ ಇಷ್ಟರ ಮಾತೇ ನಡೆಯಿತು.

*

ಡಾಕ್ಟರ ಕೋಣೆ ಚಿಕ್ಕದು. ಗಾಲಿಕುರ್ಚಿ, ಅದರ ಮುಂದಿನ ಪರದೆ, ಹಿಂದಿನ ಉಸಿರಿನ ಯಂತ್ರ ಇಷ್ಟೂ ಒಳಗೆ ಬಂದ ಮೇಲೆ ನಾದಿನಿಗೆ ನಿಲ್ಲಲು ಬಾಗಿಲ ಸಂದಿ ಮಾತ್ರ ಉಳಿಯಿತು. ಡಾಕ್ಟರ್ ಉಸಿರಿನ ಅಳತೆ ನೋಡಿದರು. ಹಿಂದಿನ ಸಲಕ್ಕಿಂತ ಕಡಿಮೆಯಾಗಿತ್ತು. ಅದನ್ನು ಸುತ್ತಿ ಬಳಸಿ ಹೇಳಲಿಲ್ಲ.

"ಹೆಚ್ಚು ಸಮಯ ಇಲ್ಲ. ಹಾಕೋದಾದ್ರೆ ಈ ವಾರ ಹಾಕ್ಬೇಕು. ಆಮೇಲೆ ನನ್ನ ಕೈ ಮೀರಿ ಹೋಗುತ್ತೆ. ಏನು ತೀರ್ಮಾನ ಮಾಡಿದ್ರಿ?" ಕೇಳಿದ್ದು ಹೆಂಡತಿಯನ್ನು. ಆದರೆ ವಾಕ್ಯದ ಕೊನೆಗೆ ಅವರ ಕಣ್ಣು ಗಂಡನ ಮೇಲೆ ನಿಂತಿತ್ತು.

"ಬೇಕು," ಎಂದಿತು ಸ್ಟೇಷನ್ ಅಕ್ಕನ ದನಿ.

ಡಾಕ್ಟರ್ ತಲೆಯಾಡಿಸಿದರು. ಪೆನ್ನು ಕೈಗೆತ್ತಿಕೊಂಡರು. ಆಗ ಅವನು ಮಾತಾಡಿದ. ಮಾತಾಡುತ್ತೇನೆಂದು ಕೋಣೆಯೊಳಗೆ ಬರುವ ತನಕ ಅವನಿಗೇ ಗೊತ್ತಿರಲಿಲ್ಲ.

"ಆ ಯಂತ್ರನ ಪೂರ್ತಿ ನಂಬೋಕೆ ಆಗಲ್ಲ ಡಾಕ್ಟ್ರೇ. ನಾನು ಪರೀಕ್ಷೆ ಮಾಡಿದೀನಿ. ಗೊತ್ತಿರೋ ಹತ್ತು ಪ್ರಶ್ನೆಗೆ ಮೂರು ತಪ್ಪು ಬಂತು."

"ಭಾವ," ಎಂದಳು ನಾದಿನಿ ಬಾಗಿಲಿಂದ. ಅಷ್ಟೇ.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಕಷ್ಟ. ಇಷ್ಟು ದೊಡ್ಡ ವಿಷಯ. ಅನುಮಾನ ಇದ್ರೆ ನಾನು ಮುಂದುವರಿಯೋ ಹಾಗಿಲ್ಲ. ಬೇರೆ ಯಾರಾದ್ರೂ ಬಂದು ಇವರನ್ನ ನೋಡಿ, ಬರೆದುಕೊಟ್ಟು... ಅಷ್ಟರಲ್ಲಿ..." ಮಾತು ನಿಲ್ಲಿಸಿ ಉಸಿರಿನ ಅಳತೆಯ ಕಾಗದವನ್ನು ಮತ್ತೆ ನೋಡಿದರು.

"ರೀ," ಎಂದಿತು ಯಂತ್ರ.

ಅವನು ತಿರುಗಿದ. ಅವಳು ಅಕ್ಷರದ ಪುಟ ತೆರೆದಿದ್ದಳು. ಒಂದು ಅಕ್ಷರ. ಇನ್ನೊಂದು. ಮಾಸ್ಕಿನೊಳಗೆ ಗಾಳಿ ಏರಿಳಿಯುವ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ಡಾಕ್ಟರ ಫೋನು ಮೇಜಿನ ಮೇಲೆ ನಡುಗಿತು, ಅವರು ಅದನ್ನು ಮಗುಚಿ ಇಟ್ಟರು. ಹೊರಗೆ ಯಾರೋ ಬಾಗಿಲು ತಟ್ಟಿದರು, ನಾದಿನಿ ಬೆನ್ನು ಒತ್ತಿ ನಿಂತಳು. ಹೆಂಡತಿಯ ಎಡಗಣ್ಣಿನಿಂದ ನೀರು ಇಳಿಯಿತು. ಅವನು ಅಭ್ಯಾಸದಿಂದ ಕರವಸ್ತ್ರ ತೆಗೆದ. ಆದರೆ ಒರೆಸಲು ಕೈ ಅಡ್ಡ ಬಂದರೆ ಯಂತ್ರಕ್ಕೆ ಕಣ್ಣು ತಪ್ಪುತ್ತದೆಂದು ಹಾಗೇ ಹಿಡಿದುಕೊಂಡು ನಿಂತ. ನೀರು ಗಲ್ಲದ ಮೇಲಿಂದ ಮಾಸ್ಕಿನ ಅಂಚಿಗೆ ಹೋಗಿ ಸೇರಿತು.

ಕೊನೆಗೆ ಅವಳು ಎಲ್ಲವನ್ನೂ ಒಟ್ಟಿಗೆ ನುಡಿಸಿದಳು.

"ಇವರು ನನ್ನ ಗಂಡ. ತಂಗಿ ಟೈಲರ್. ಕಾಫಿ ಆಗಲ್ಲ. ಕೊಳವೆ ಬೇಕು."

ಡಾಕ್ಟರ್ ಇದರ ತಲೆಬುಡ ಅರ್ಥವಾಗದೆ ಅವನನ್ನು ನೋಡಿದರು.

"ತಪ್ಪಾಗಿದ್ದು ಆ ಮೂರೇ ಪ್ರಶ್ನೆ," ಎಂದ ಅವನು. "ಎರಡು ಅವಳು ತಮಾಷೆಗೆ ಹೇಳಿದ್ದು, ಕಾಫಿದು ನಿಜಾನೇ. ಯಂತ್ರ ಸರಿಯಾಗಿದೆ. ಅದು ನನಗೆ ಮೊದಲೇ ಗೊತ್ತಿತ್ತು."

ಡಾಕ್ಟರ್ ಬೈಯಲಿಲ್ಲ. ಇಂಥ ಮುಖಗಳನ್ನು ಅವರು ತುಂಬ ನೋಡಿರಬೇಕು. "ಸರಿ," ಎಂದು ಬರೆದುಕೊಂಡರು. "ಮನೇಲಿ ಇಬ್ಬರು ಕಲೀಬೇಕು. ಕಫ ತೆಗೆಯೋದು, ಕೊಳವೆ ಕಟ್ಟಿಕೊಂಡ್ರೆ ಬದಲಿಸೋದು. ನರ್ಸ್ ಹೇಳಿಕೊಡ್ತಾರೆ. ಯಾರು ಕಲೀತೀರಿ?"

"ನಾನು," ಎಂದಳು ನಾದಿನಿ. "ಸೂಜಿಗೆ ದಾರ ಹಾಕೋ ಕೈ. ಇದೂ ಬರುತ್ತೆ."

"ರಾತ್ರಿ ಯಾರಿರ್ತೀರಿ?"

"ಇವರೇ. ರಾತ್ರಿಗೆ ಒಬ್ಬರನ್ನ ಇಟ್ಕೊಳ್ಳೋಣ ಅಂತ ನಾನು ಹೇಳಿ ಹೇಳಿ ಬಾಯಿ ನೋಯಿಸ್ಕೊಂಡಿದೀನಿ ಡಾಕ್ಟ್ರೇ. ಬಂದವರಿಗೆ ದಿಂಬು ಇಡೋಕೆ ಬರಲ್ಲ, ಹನಿ ಬಿಡೋಕೆ ಬರಲ್ಲ, ತಮ್ಮ ಥರ ಯಾರಿಗೂ ಬರಲ್ಲ ಅಂತಾರೆ."

ಈಗ ಎಲ್ಲರೂ ಅವನ ಮಾತಿಗಾಗಿ ಕಾಯುತ್ತಿದ್ದರು. ಹೆಂಡತಿಯೂ. ಅವಳ ನೋಟ ಪರದೆಯ ಮೇಲಿರಲಿಲ್ಲ, ಅವನ ಮೇಲಿತ್ತು. ಅವಳು ಏನನ್ನೂ ನುಡಿಸಲಿಲ್ಲ. ಬೇಡಲೂ ಇಲ್ಲ. ಇಲ್ಲ ಎನ್ನಲು ಅವನಿಗೆ ದಾರಿಯಿತ್ತು. ಒಬ್ಬರೇ ಕಲಿತರೆ ಸಾಲದೆಂದು ಡಾಕ್ಟರೇ ಹೇಳಿದ್ದರು. ತನ್ನಿಂದ ಆಗುವುದಿಲ್ಲ ಎಂದರೆ ಅದು ಸುಳ್ಳೂ ಆಗುತ್ತಿರಲಿಲ್ಲ.

"ಕಲೀತೀನಿ," ಎಂದ.

*

ಆಸ್ಪತ್ರೆಯ ಹೊರಗೆ ಬಿಸಿಲು ಹೊಡೆಯುತ್ತಿತ್ತು. ನಾದಿನಿ ಔಷಧಿ ತರಲು ಹೋಗಿದ್ದಳು. ಗಾಡಿಯವನು ಇಳಿಜಾರಿನ ಹಲಗೆ ಹಾಕಲು ಜಾಗ ಹುಡುಕುತ್ತ ಗಾಡಿಯನ್ನು ಹಿಂದೆ ಮುಂದೆ ಮಾಡುತ್ತಿದ್ದ. ಅವನು ಹೆಂಡತಿಯ ಗಾಲಿಕುರ್ಚಿಯನ್ನು ಕಾಂಪೌಂಡಿನ ಪಕ್ಕ ನಿಲ್ಲಿಸಿ, ಬ್ರೇಕ್ ಹಾಕಿ, ಅದರ ಹಿಂದೆ ನಿಂತ. ಅವಳ ನೆತ್ತಿ ಕಾಣುತ್ತಿತ್ತು. ಕೂದಲು ಅವನೇ ಬಾಚಿದ್ದ. ಬೈತಲೆ ನೇರವಾಗಿತ್ತು.

"ನಿನ್ನ ಹತ್ತಿರ ಒಂದು ಮಾತು ಹೇಳ್ಬೇಕು," ಎಂದ, ಆ ನೆತ್ತಿಗೆ. "ನೀನು ಬೇಡ ಅಂತೀಯ ಅಂತ ಅಂದ್ಕೊಂಡಿದ್ದೆ. ಹಾಗೇ ಅನ್ಲಿ ಅಂತ ಆಸೇನೂ ಇತ್ತು. ಬೇಡ ಅಂದಿದ್ರೆ ನಾನು ಯಾವ ಪರೀಕ್ಷೇನೂ ಮಾಡ್ತಿರಲಿಲ್ಲ. ಮೊದಲನೇ ಸಲಕ್ಕೇ ಒಪ್ಕೊಂಡುಬಿಡ್ತಿದ್ದೆ. ನೀನು ಹೋಗ್ಬೇಕು ಅಂತ ಅಲ್ಲ. ನನಗೆ ಒಂದು ಸಲ ಮಲಗ್ಬೇಕು ಅನ್ಸಿತ್ತು. ಅಷ್ಟೇ. ಎರಡೂ ಒಂದೇ ಆಗುತ್ತೆ ಅಂತ ನನಗೆ ಹೊಳೀಲಿಲ್ಲ. ಹೊಳೀತು, ಆದ್ರೆ..."

ಅವನು ಕಾದ. ಯಂತ್ರ ಸುಮ್ಮನಿತ್ತು. ಕೋಪ ಬಂದಿರಬೇಕು ಎಂದುಕೊಂಡ. ಕಣ್ಣು ಮುಚ್ಚಿಕೊಂಡಿರಬೇಕು.

ಬಗ್ಗಿ ನೋಡಿದ. ಅವಳ ಕಣ್ಣು ತೆರೆದಿತ್ತು. ಪರದೆಯ ಮೇಲೆ ಅತ್ತಿತ್ತ ಓಡಾಡುತ್ತಿತ್ತು, ಒಂದು ಚೌಕದಿಂದ ಇನ್ನೊಂದಕ್ಕೆ, ಮತ್ತೆ ಮೊದಲಿನದಕ್ಕೆ. ಯಾವ ಚೌಕವೂ ಹೊಳೆಯುತ್ತಿರಲಿಲ್ಲ. ನೇರ ಬಿಸಿಲಿನಲ್ಲಿ ಯಂತ್ರಕ್ಕೆ ಕಣ್ಣು ಕಾಣುವುದಿಲ್ಲ. ಸೂರ್ಯನ ಬೆಳಕಿನೊಳಗೆ ಅದರ ಪುಟ್ಟ ಬೆಳಕು ಕಳೆದುಹೋಗುತ್ತದೆ. ಇದನ್ನು ನಾದಿನಿಗೆ ವಿವರಿಸಿ ಹೇಳಿದವನು ಅವನೇ. ಅವಳು ಉತ್ತರ ಕೊಡಲಾಗದ ಜಾಗದಲ್ಲಿ ನಿಲ್ಲಿಸಿ ಅವನು ಇದೆಲ್ಲ ಹೇಳಿದ್ದ. ಬೇಕೆಂದು ಮಾಡಿದ್ದಲ್ಲ. ಆದರೆ ಬೇಕೆಂದು ಮಾಡಿದ್ದಲ್ಲ ಎಂದು ಆಣೆ ಇಟ್ಟು ಹೇಳುವ ಧೈರ್ಯ ಈಗ ಅವನಿಗಿರಲಿಲ್ಲ.

ಬ್ರೇಕ್ ತೆಗೆದು ಕುರ್ಚಿಯನ್ನು ತಿರುಗಿಸಿದ. ಗೋಡೆಯ ಪಕ್ಕ, ಔಷಧಿ ಅಂಗಡಿಯ ಮುಂಚಾಚಿನ ಕೆಳಗೆ ನೆರಳಿತ್ತು. ಅಲ್ಲಿಗೆ ತಳ್ಳಿಕೊಂಡು ಹೋಗಿ, ಪರದೆಗೆ ಬೆಳಕು ಬೀಳದಂತೆ ತಾನು ಬಿಸಿಲಿನ ಕಡೆ ಅಡ್ಡ ನಿಂತ. ಕರವಸ್ತ್ರದಿಂದ ಅವಳ ಕಣ್ಣು ಒರೆಸಿದ. ಅವಳ ಮುಖ ಕಾಣುವಂತೆ ಮಂಡಿಯೂರಿ ಕೂತ.

"ಈಗ ಹೇಳು."

ಅವಳು ಹೇಳತೊಡಗಿದಳು. ಒಂದು ಅಕ್ಷರ, ಒಂದು ಅಕ್ಷರ.

"ಗೊತ್ತಿತ್ತು."

ಅವನು ತಲೆ ತಗ್ಗಿಸಿದ.

"ನನಗೂ ಸುಸ್ತು." ಮತ್ತೆ ಅಕ್ಷರಗಳು. ಮಂಡಿಯ ಕೆಳಗಿನ ನೆಲ ಬಿಸಿಯಾಗಿತ್ತು. "ಆದ್ರೂ ಇರ್ಬೇಕು ಅನ್ಸತ್ತೆ. ಯಾಕೆ ಗೊತ್ತಿಲ್ಲ."

"ಯಾಕೆ ಅಂತ ಹೇಳೋದು ಬೇಡ," ಎಂದ ಅವನು.

ಅವಳು ಅದನ್ನು ಗಮನಿಸಲಿಲ್ಲ. ಮುಂದುವರಿಸಿದ್ದಳು. "ರಾತ್ರಿಗೆ ಜನ ಇಡಿ. ದಿಂಬು ಸೊಟ್ಟ ಆದ್ರೆ ಆಗ್ಲಿ."

"ಕುತ್ತಿಗೆ ನೋಯುತ್ತೆ ನಿನಗೆ."

"ನನ್ನ ಕುತ್ತಿಗೆ."

ಕೊನೆಗೂ ಗಾಡಿ ಬಂದು ಎದುರಿಗೆ ನಿಂತಿತು. ಗಾಡಿಯವನು ಇಳಿದು ಹಿಂಬಾಗಿಲು ತೆರೆದು ಹಲಗೆ ಹಾಸಿದ. ನಾದಿನಿ ಔಷಧಿಯ ಚೀಲ ಹಿಡಿದು ಬಂದು, ಮಂಡಿಯೂರಿ ಕೂತ ಅವನನ್ನೂ ಅಕ್ಕನನ್ನೂ ನೋಡಿ, ಏನೂ ಕೇಳದೆ ಸ್ವಲ್ಪ ದೂರದಲ್ಲೇ ನಿಂತಳು. ಪರದೆಯ ಮೇಲೆ ಹೆಂಡತಿ ಹೊಸ ಸಾಲು ಶುರುಮಾಡಿದ್ದಳು. ಎರಡು ಪದ ಮೂಡಿತ್ತು, ಮೂರನೆಯದು ಅರ್ಧದಲ್ಲಿತ್ತು.

"ಹೊರಡೋಣ್ವಾ ಸಾರ್?" ಎಂದ ಗಾಡಿಯವನು. "ಇಲ್ಲಿ ಜಾಸ್ತಿ ಹೊತ್ತು ನಿಲ್ಲಿಸೋಕೆ ಬಿಡಲ್ಲ."

"ಸ್ವಲ್ಪ ಇರಪ್ಪ," ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ. "ಅವಳು ಇನ್ನೂ ಮಾತಾಡ್ತಿದಾಳೆ."